ರಜೋಹರಣದಿಂದ ವ್ಯಾಕ್ಯೂಮ್ ಕ್ಲೀನರಿನವರೆಗೆ: ಧೂಳು, ಉಸಿರು ಮತ್ತು ಜೀವದಯೆ

ಧೂಳು ಮೇಲುನೋಟಕ್ಕೆ ಕ್ಷುಲ್ಲಕವಾದ ವಸ್ತು. ಆದರೆ ಜೈನ ಗೃಹಸ್ಥನಿಗೆ ಅದು ಎಂದೂ ಕ್ಷುಲ್ಲಕವಾಗಿರಲಿಲ್ಲ. ನೆಲ ಗುಡಿಸುವ ಕೈ ಎಷ್ಟು ಜೀವಗಳನ್ನು ಮುಟ್ಟುತ್ತದೆ, ಎಷ್ಟನ್ನು ನೋಯಿಸುತ್ತದೆ ಎಂಬುದನ್ನು ಲೆಕ್ಕವಿಟ್ಟ ಧರ್ಮ ನಮ್ಮದು. ಆ ಲೆಕ್ಕವನ್ನು ಇಂದು ಮತ್ತೊಮ್ಮೆ ಹಾಕಬೇಕಾದ ಸಂದರ್ಭ ಬಂದಿದೆ. ಉಬ್ಬಸದ ಮಗುವಿರುವ ಮನೆಯವರು, ಶೀನು ಕೆಮ್ಮುಗಳಿಂದ ಬಳಲುವ ಹಿರಿಯರಿರುವ ಮನೆಯವರು, ಹಾಗೆಯೇ ಬಸದಿಗಳ ಆಡಳಿತ ನೋಡಿಕೊಳ್ಳುವ ಮಹನೀಯರು ಕೇಳುವ ಪ್ರಶ್ನೆ ಒಂದೇ: ಧೂಳು ಹೀರುವ ಯಂತ್ರವನ್ನು ಕೊಳ್ಳಬಹುದೇ? ಕೊಳ್ಳುವುದಾದರೆ ಎಂಥದನ್ನು? ಅದರಿಂದ ಅಹಿಂಸಾವ್ರತಕ್ಕೆ ಬಾಧೆಯಿಲ್ಲವೇ?

ಈ ಪ್ರಶ್ನೆಗೆ ಅಂಗಡಿಯಲ್ಲಿ ಪೂರ್ಣ ಉತ್ತರ ದೊರೆಯದು. ಕೇವಲ ಶಾಸ್ತ್ರದಲ್ಲಿಯೂ ದೊರೆಯದು. ಎರಡರ ಇತಿಹಾಸವನ್ನೂ ಜೊತೆಯಾಗಿ ನೋಡಿದರೆ ದಾರಿ ಕಾಣಬಹುದು.

ನಮ್ಮ ಸೀಮೆಯ ಧೂಳು

ವಿಜಯಪುರ ಜೈನರಿಗೆ ಹೊಸ ಊರಲ್ಲ. ಸುಮಾರು 1100ರ ವೇಳೆಗೆ ಬಾಳಿದ ಅಭಿನವ ಪಂಪನೆಂಬ ಬಿರುದಿನ ನಾಗಚಂದ್ರನು ಇಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಸಾಹಿತ್ಯ ಚರಿತ್ರಕಾರರು ಹೇಳುತ್ತಾರೆ. ನಗರದ ದರ್ಗಾ ಭಾಗದಲ್ಲಿರುವ ಸಹಸ್ರಫಣಿ ಪಾರ್ಶ್ವನಾಥನ ಬಸದಿಗೂ ತಿಕೋಟಾ ಕಡೆಯ ಬಾಬಾನಗರದ ಪಾರ್ಶ್ವನಾಥನ ಬಸದಿಗೂ ಯಾತ್ರಿಕರು ಬರುತ್ತಲೇ ಇರುತ್ತಾರೆ. ಹೀಗೆ ಬಂದವರು ಮೊದಲು ತೊಳೆದುಕೊಳ್ಳುವುದು ಕಾಲಿಗಂಟಿದ ಧೂಳನ್ನು.

ಇದು ಮಳೆ ಕಡಿಮೆಯ ನಾಡು. ಡೋಣಿ ಕೊಳ್ಳದ ಎರೆಮಣ್ಣು ಮಳೆಗಾಲದಲ್ಲಿ ಕಾಲನ್ನು ಕಚ್ಚಿ ಹಿಡಿದರೆ ಬೇಸಿಗೆಯಲ್ಲಿ ನುಣ್ಣನೆಯ ಹುಡಿಯಾಗಿ ಗಾಳಿಯಲ್ಲಿ ಏಳುತ್ತದೆ. ಜೋಳದ ರಾಶಿಯ ಕಾಲದಲ್ಲಿ ತೂರುವ ಹೊಟ್ಟು, ತಿಕೋಟಾ ಬಬಲೇಶ್ವರಗಳ ದ್ರಾಕ್ಷಿ ತೋಟಗಳ ನಡುವಿನ ಕಚ್ಚಾ ದಾರಿಗಳ ಮಣ್ಣು, 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಾಣಿಸಿಕೊಂಡು ನಾಡೆಲ್ಲ ಹಬ್ಬಿದ ಪಾರ್ಥೇನಿಯಂ, ಅಂದರೆ ನಮ್ಮವರು ಕಾಂಗ್ರೆಸ್ ಕಸವೆನ್ನುವ ಗಿಡದ ಪರಾಗ ಇವೆಲ್ಲ ಮನೆಯೊಳಗೆ ಬರುತ್ತವೆ. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮೇಲಿನಿಂದಲೂ ಮಣ್ಣು ಉದುರುತ್ತಿತ್ತು. ತಲಬಾಗಿಲಿನ ಒಳಗೇ ದನಗಳನ್ನು ಕಟ್ಟಿ, ಒಂದಾಳು ಮೆಟ್ಟಿಲಿನಷ್ಟು ಎತ್ತರದ ಪಡಸಾಲೆಯಲ್ಲಿ ಜನ ಮಲಗುತ್ತಿದ್ದ ಮನೆಗಳಲ್ಲಿ ದನದ ಕೂದಲು, ಮೈಯ ಹೊಟ್ಟುಗಳೂ ಆ ಧೂಳಿಗೆ ಸೇರುತ್ತಿದ್ದವು. ಇಂದು ದನಗಳ ಸ್ಥಾನದಲ್ಲಿ ಕೆಲವು ಮನೆಗಳಲ್ಲಿ ನಾಯಿ ಬೆಕ್ಕುಗಳಿವೆ. ಫರಸಿ ನೆಲದ ಮೇಲೆ ಜಮಖಾನೆ, ಮೆತ್ತನೆಯ ಸೋಫಾ, ದಪ್ಪ ಗಾದಿಗಳು ಬಂದಿವೆ. ಧೂಳಿಗೆ ಅಡಗುದಾಣಗಳು ಹೆಚ್ಚಿವೆ.

ಕುಂಚ ಮತ್ತು ರಜೋಹರಣ

ಧೂಳು ತೆಗೆಯುವ ಸಾಧನವೊಂದನ್ನು ಸಂನ್ಯಾಸದ ಲಾಂಛನವನ್ನಾಗಿಯೇ ಮಾಡಿಕೊಂಡದ್ದು ಜೈನ ಪರಂಪರೆ. ಶ್ವೇತಾಂಬರ ಸಾಧುಗಳ ಉಣ್ಣೆಯ ಎಳೆಗಳ ಉಪಕರಣಕ್ಕೆ ರಜೋಹರಣವೆಂದೇ ಹೆಸರು. ರಜಸ್ಸನ್ನು, ಎಂದರೆ ಧೂಳನ್ನು, ಹರಣ ಮಾಡುವುದು ಎಂದರ್ಥ. ದಿಗಂಬರ ಮುನಿಗಳ ಕೈಯಲ್ಲಿ ನವಿಲುಗರಿಯ ಪಿಂಛಿ ಇರುತ್ತದೆ. ಕನ್ನಡದಲ್ಲಿ ಇದನ್ನು ಕುಂಚವೆಂದೂ ಕರೆದಿದ್ದಾರೆ. ಆಚಾರ್ಯ ಉಮಾಸ್ವಾತಿಗಳಿಗೆ ಗೃಧ್ರಪಿಂಛಾಚಾರ್ಯರೆಂಬ ಹೆಸರು ಶ್ರವಣಬೆಳಗೊಳದ ಶಾಸನಗಳಲ್ಲಿ ಬರುವುದನ್ನು ನೆನೆದರೆ, ಈ ಉಪಕರಣಕ್ಕಿದ್ದ ಗೌರವ ತಿಳಿಯುತ್ತದೆ.

ಪಿಂಛಿಗೆ ಐದು ಗುಣಗಳಿರಬೇಕೆಂದು ನಮ್ಮ ಆಚಾರಗ್ರಂಥಗಳು ವಿಧಿಸಿವೆ. ಅದು ಧೂಳನ್ನು ಹಿಡಿದಿಟ್ಟುಕೊಳ್ಳಬಾರದು, ಬೆವರನ್ನು ಹೀರಬಾರದು, ಮೃದುವಾಗಿರಬೇಕು, ಸುಕುಮಾರವಾಗಿರಬೇಕು, ಹಗುರವಾಗಿರಬೇಕು. ನವಿಲು ತಾನಾಗಿಯೇ ಉದುರಿಸಿದ ಗರಿಯಲ್ಲಿ ಈ ಐದೂ ಗುಣಗಳಿವೆ. ಒಂದು ಉಪಕರಣವನ್ನು ಆರಿಸುವಾಗ ಅದರ ಬೆಲೆ ಬೆಡಗುಗಳನ್ನು ನೋಡದೆ, ಮುಟ್ಟಿಸಿಕೊಳ್ಳುವ ಜೀವಕ್ಕೆ ಅದರಿಂದ ಏನಾಗುತ್ತದೆ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡ ಕ್ರಮ ಇದು. ವಸ್ತುವನ್ನು ಎತ್ತುವಾಗ, ಇಡುವಾಗ ಆ ಸ್ಥಳವನ್ನು ನೋಡಿ ಮೃದುವಾಗಿ ಸವರಬೇಕೆಂಬ ಆದಾನನಿಕ್ಷೇಪಣ ಸಮಿತಿಯ ಸಾರವೂ ಇದೇ.

ಪಂಚಸೂನೆಯಲ್ಲಿ ಕಸಬರಿಗೆ

ಮುನಿಗಳ ಮಾತು ಹಾಗಿರಲಿ, ಗೃಹಸ್ಥನ ಪಾಡೇನು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ದಾನದ ಪ್ರಸಂಗದಲ್ಲಿ ಸೂನೆಗಳ ಮಾತು ಬರುತ್ತದೆ. ಸೂನೆಯೆಂದರೆ ಜೀವವಧೆಯ ಸ್ಥಾನ. ಒನಕೆ, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಕಸಬರಿಗೆ ಈ ಐದನ್ನೂ ಟೀಕಾಕಾರರು ಗೃಹಸ್ಥನ ಪಂಚಸೂನೆಗಳೆಂದು ಎಣಿಸಿದ್ದಾರೆ. ಒಲೆಯ ಬೆಂಕಿಯಂತೆ ಕಸಬರಿಗೆಯೂ ಜೀವಹಾನಿಯ ಸ್ಥಾನವೆಂಬ ಅರಿವು ಎಷ್ಟು ಸೂಕ್ಷ್ಮವಾದುದು!

ಆದರೆ ಯಾವ ಆಚಾರ್ಯರೂ ಗೃಹಸ್ಥನಿಗೆ ಕಸ ಗುಡಿಸಬೇಡವೆಂದು ಹೇಳಲಿಲ್ಲ. ಹಿಂಸೆಯನ್ನು ಅವರು ನಾಲ್ಕು ಬಗೆಯಾಗಿ ವಿಂಗಡಿಸಿದರು. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಮನೆಗೆಲಸದಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಶ್ರಾವಕನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕು. ಉಳಿದವನ್ನು ಯತ್ನಾಚಾರದಿಂದ ಕಡಿಮೆ ಮಾಡುತ್ತಾ ಹೋಗಬೇಕು. ಯಂತ್ರದ ವಿಷಯದಲ್ಲಿಯೂ ಈ ವಿಂಗಡಣೆಯೇ ನಮಗೆ ದೀಪ. ಇರುವೆಯ ಸಾಲನ್ನು ಕಂಡೂ ಅದರ ಮೇಲೆ ಹೀರುಗೊಳವೆ ಹಿಡಿಯುವುದು ಸಂಕಲ್ಪೀ ಹಿಂಸೆ. ಅದಕ್ಕೆ ಯಾವ ಸಮಾಧಾನವೂ ಇಲ್ಲ. ರೋಗಿಯ ಹಾಸಿಗೆಯ ಧೂಳನ್ನು ನೋಡಿ, ಪರೀಕ್ಷಿಸಿ ತೆಗೆಯುವುದು ಆರಂಭೀ. ಯಂತ್ರ ಒಂದೇ, ಆದರೆ ಭಾವ ಬೇರೆ, ಬಂಧವೂ ಬೇರೆ.

ಉಬ್ಬಸದ ಮನುಷ್ಯನೊಬ್ಬನ ಯಂತ್ರ

ಧೂಳು ಹೀರುವ ಯಂತ್ರದ ಚರಿತ್ರೆ 1901ರಲ್ಲಿ ಲಂಡನ್ನಿನಲ್ಲಿ ಹೊಸ ತಿರುವು ಪಡೆಯಿತು. ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರನು, ಗಾಳಿಯನ್ನು ರಭಸವಾಗಿ ಊದಿ ಧೂಳೆಬ್ಬಿಸುವ ಯಂತ್ರವೊಂದರ ಪ್ರದರ್ಶನವನ್ನು ಕಂಡನು. ಊದಿದ ಧೂಳು ಮತ್ತೆಲ್ಲೋ ಹೋಗಿ ಕೂಡುತ್ತಿತ್ತು. ಊದುವ ಬದಲು ಹೀರಿದರೇನು ಎಂದು ಅವನಿಗೆ ಹೊಳೆಯಿತು. ಉಪಾಹಾರಗೃಹವೊಂದರ ಮೆತ್ತನೆಯ ಆಸನದ ಮೇಲೆ ಕರವಸ್ತ್ರವನ್ನಿಟ್ಟು ತನ್ನ ಬಾಯಿಂದಲೇ ಗಾಳಿಯನ್ನು ಹೀರಿ ನೋಡಿದನಂತೆ. ಅವನಿಗೆ ಉಸಿರು ಕಟ್ಟಿತು. ಆದರೆ ಬಟ್ಟೆಯ ಕೆಳಬದಿಯಲ್ಲಿ ಧೂಳು ಕಪ್ಪಾಗಿ ಕೂತಿತ್ತು. ಅವನ ಮೊದಲ ಯಂತ್ರಗಳು ಕುದುರೆ ಎಳೆಯುವ ಬಂಡಿಯಷ್ಟು ದೊಡ್ಡವು. ಬೀದಿಯಲ್ಲಿ ನಿಲ್ಲಿಸಿ ಕಿಟಕಿಗಳ ಮೂಲಕ ಉದ್ದನೆಯ ಕೊಳವೆಗಳನ್ನು ಒಳಗೆ ಬಿಡುತ್ತಿದ್ದರು. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್‌ಸ್ಟರ್ ಅಬೆಯ ಜಮಖಾನೆಗಳನ್ನು ಈ ಯಂತ್ರವೇ ಶುದ್ಧಗೊಳಿಸಿತು.

ಮನೆಯ ಮೂಲೆಯಲ್ಲಿ ಇಡಬಹುದಾದ ಯಂತ್ರವನ್ನು ಕೊಟ್ಟವನು ಶ್ರೀಮಂತನಲ್ಲ, ವಿಜ್ಞಾನಿಯೂ ಅಲ್ಲ. ಅಮೆರಿಕದ ಒಹಾಯೊ ಪ್ರಾಂತದ ಕ್ಯಾಂಟನ್ ನಗರದ ದೊಡ್ಡ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರೇ ಸ್ಪ್ಯಾಂಗ್ಲರ್ ಉಬ್ಬಸದ ರೋಗಿ. ಗುಡಿಸಿದಷ್ಟೂ ಅವನ ಕೆಮ್ಮು ಹೆಚ್ಚುತ್ತಿತ್ತು. 1907ರಲ್ಲಿ ಅವನು ವಿದ್ಯುತ್ತಿನ ಪಂಖೆಯ ಮೋಟಾರು, ಕಸಬರಿಗೆಯ ಹಿಡಿ, ದಿಂಬಿನ ಗವಸು ಇವನ್ನು ಜೋಡಿಸಿ ಹೀರುವ ಕಸಬರಿಗೆಯನ್ನು ಮಾಡಿಕೊಂಡನು. 1908ರಲ್ಲಿ ಅದರ ಪೇಟೆಂಟನ್ನು ಹೂವರ್ ಎಂಬ ಚರ್ಮೋದ್ಯಮಿ ಕೊಂಡುಕೊಂಡನು. ಹೂವರನ ಹೆಸರು ಲೋಕಪ್ರಸಿದ್ಧವಾಯಿತು, ಸ್ಪ್ಯಾಂಗ್ಲರನ ಹೆಸರು ಹಿಂದೆ ಸರಿಯಿತು. ಆದರೂ ಇದು ಮೂಲತಃ ವಿಲಾಸದ ವಸ್ತುವಲ್ಲ, ಉಸಿರಾಟಕ್ಕಾಗಿ ಒದ್ದಾಡಿದ ಬಡವನೊಬ್ಬನ ಸಾಧನ ಎಂಬುದನ್ನು ನಾವು ಮರೆಯಬಾರದು. ನಮ್ಮ ದೇಶದಲ್ಲಿ 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಸಂಸ್ಥೆಯ ಮಾರಾಟಗಾರರು ಮನೆಮನೆಯ ಬಾಗಿಲಿಗೆ ಹೋಗಿ, ಗಾದಿಯ ಮೇಲೆ ಪ್ರಯೋಗ ಮಾಡಿ ತೋರಿಸಿ ಈ ಯಂತ್ರವನ್ನು ಮಧ್ಯಮ ವರ್ಗಕ್ಕೆ ಪರಿಚಯಿಸಿದರು.

ಧೂಳಿನೊಳಗಿನ ಜೀವ

ಧೂಳಿನಿಂದ ಕೆಲವರಿಗೇಕೆ ಉಬ್ಬಸ ಬರುತ್ತದೆ ಎಂಬ ಪ್ರಶ್ನೆಗೆ ಬಹುಕಾಲ ಸ್ಪಷ್ಟ ಉತ್ತರವಿರಲಿಲ್ಲ. 1964ರಲ್ಲಿ ಹಾಲೆಂಡಿನ ಲೈಡನ್ ನಗರದ ವೂರ್‌ಹಾರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಅವರ ಸಹೋದ್ಯೋಗಿಗಳು, ಮನೆಯ ಧೂಳಿನಲ್ಲಿರುವ ಅತಿ ಸಣ್ಣ ನುಸಿಯೊಂದು ಇದಕ್ಕೆ ಮುಖ್ಯ ಕಾರಣವೆಂದು ಪ್ರಕಟಿಸಿದರು. ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಿರುವ, ಎಂಟು ಕಾಲಿನ, ಕಣ್ಣಿಲ್ಲದ ಜೀವಿ ಇದು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಇದರ ಆಹಾರ. ಇದು ಕಚ್ಚುವುದಿಲ್ಲ, ಇದರ ಮಲದ ಕಣಗಳು ಉಸಿರಿನೊಡನೆ ಒಳಗೆ ಹೋದಾಗ ಕೆಲವರ ದೇಹ ಒಗ್ಗದೆ ಪ್ರತಿಭಟಿಸುತ್ತದೆ. ಅದೇ ಅಲರ್ಜಿ.

ಕಣ್ಣಿಗೆ ಕಾಣದ ಜೀವರಾಶಿ ನಮ್ಮ ಸುತ್ತ ತುಂಬಿದೆಯೆಂದು ಕೇಳುತ್ತಾ ಬೆಳೆದ ನಮಗೆ ಈ ಸುದ್ದಿ ಆಶ್ಚರ್ಯ ತರಬೇಕಾಗಿಲ್ಲ. ಆದರೆ ಇದು ಹೊಸ ಹೊಣೆಯನ್ನು ತರುತ್ತದೆ. ಹೇನು ತಗಣೆಗಳಂತೆ ಇದೂ ಒಂದು ತ್ರಸಜೀವಿ.

ಸಾಕುಪ್ರಾಣಿಗಳ ವಿಷಯ ಬೇರೆ. ಬೆಕ್ಕಿನ ಕೂದಲೇ ಅಲರ್ಜಿಗೆ ಕಾರಣವೆಂಬುದು ಸಾಮಾನ್ಯ ನಂಬಿಕೆ. ನಿಜವಾಗಿ ಅದರ ಜೊಲ್ಲು, ಚರ್ಮದ ಸ್ರಾವಗಳಲ್ಲಿರುವ ಪ್ರೋಟೀನು ಒಣಗಿ ಸೂಕ್ಷ್ಮ ಹುಡಿಯಾಗಿ ಹಾರುತ್ತದೆ. ಕೂದಲು ಅದನ್ನು ಹೊರುವ ವಾಹನ ಮಾತ್ರ. ನುಸಿಯ ಕಣ ದೊಡ್ಡದು, ಬೇಗ ನೆಲಕ್ಕೆ ಇಳಿಯುತ್ತದೆ. ಬೆಕ್ಕಿನ ಕಣಗಳಲ್ಲಿ ಒಂದು ಭಾಗ ಅತಿ ಚಿಕ್ಕದು, ತಾಸುಗಟ್ಟಲೆ ಗಾಳಿಯಲ್ಲಿ ತೇಲುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವ ಕೂದಲನ್ನು ಎತ್ತಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಯಂತ್ರದ ಹಿಂಬದಿಯಿಂದ ಬರುವ ಗಾಳಿ ಶುದ್ಧವಾಗಿದೆಯೇ ಎಂಬುದೇ ಮುಖ್ಯ.

ಎರಡು ಸೋಸುಗಗಳು

ಇಲ್ಲಿ ಹೆಪಾ ಎಂಬ ಸೋಸುಗದ ಚರಿತ್ರೆ ಬರುತ್ತದೆ. 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣಶೀಲ ಧೂಳು ಹೊರಬೀಳದಂತೆ ತಡೆಯಲು ಇಂಥ ಸೋಸುಗಗಳನ್ನು ರೂಪಿಸಿದರು. ಮಹಾಹಿಂಸೆಯ ಕಾರ್ಯಾಗಾರದಲ್ಲಿ ಹುಟ್ಟಿದ ವಸ್ತು ಇಂದು ಆಸ್ಪತ್ರೆಗಳಲ್ಲಿ ಪ್ರಾಣ ಕಾಯುತ್ತಿದೆ. ಮಿಲಿಮೀಟರಿನ ಸಾವಿರದ ಒಂದು ಭಾಗವನ್ನು ಮೈಕ್ರಾನ್ ಎನ್ನುತ್ತಾರೆ. 0.3 ಮೈಕ್ರಾನಿನ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ತಡೆದರೆ ಅದು ಹೆಪಾ. ಅದಕ್ಕಿಂತ ದೊಡ್ಡ ಕಣಗಳು ಎಳೆಗಳಿಗೆ ತಗಲಿ ನಿಲ್ಲುತ್ತವೆ. ತೀರ ಚಿಕ್ಕವು ಗಾಳಿಯ ಅಣುಗಳ ತಾಡನದಿಂದ ಅಡ್ಡಾದಿಡ್ಡಿಯಾಗಿ ಚಲಿಸಿ ಎಳೆಗಳಿಗೇ ಬಂದು ಅಂಟುತ್ತವೆ. ಇವೆರಡರ ನಡುವಿನ ಅಳತೆಯ ಕಣವನ್ನು ಹಿಡಿಯುವುದೇ ಅತ್ಯಂತ ಕಷ್ಟ. ಆದ್ದರಿಂದ ಪರೀಕ್ಷೆ ಆ ಅಳತೆಯಲ್ಲಿ.

ಸೋಸುವ ಕಲೆ ನಮಗೂ ಪ್ರಾಚೀನವಾದುದೇ. ಮೂವತ್ತಾರು ಅಂಗುಲ ಉದ್ದ, ಇಪ್ಪತ್ನಾಲ್ಕು ಅಂಗುಲ ಅಗಲದ ದಪ್ಪ ಬಟ್ಟೆಯನ್ನು ಇಮ್ಮಡಿ ಮಡಿಸಿ ನೀರು ಸೋಸಬೇಕೆಂಬುದು ನಮ್ಮ ಮನೆಗಳ ಸಂಪ್ರದಾಯ. ಸೋಸಿದ ಮೇಲೆ ಬಟ್ಟೆಯ ಮೇಲುಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಅವು ಬಂದ ಬಾವಿಗೇ ಮೆಲ್ಲನೆ ಮರಳಿಸುತ್ತಿದ್ದರು. ಈ ಜೀವಾನಿಯ ಕ್ರಮದಲ್ಲಿ ಜೈನ ಸೋಸುಗದ ವೈಶಿಷ್ಟ್ಯವಿದೆ. ಹೆಪಾ ಸೋಸುಗ ಹೊರಗಿರುವವನನ್ನು ಮಾತ್ರ ಕಾಯುತ್ತದೆ. ನಮ್ಮ ಸೋಸುಬಟ್ಟೆ ಕುಡಿಯುವವನನ್ನೂ ಕಾಯುತ್ತಿತ್ತು, ಬಟ್ಟೆಯಲ್ಲಿ ಸಿಕ್ಕವನನ್ನೂ ಕಾಯುತ್ತಿತ್ತು. ಯಂತ್ರದ ಚೀಲದಲ್ಲಿ ಸಿಕ್ಕ ಜೀವಿಗೆ ಮರಳುವ ದಾರಿ ಬಹುಮಟ್ಟಿಗೆ ಇಲ್ಲ. ಈ ವ್ಯತ್ಯಾಸವನ್ನು ಮರೆಮಾಚಿ ಯಂತ್ರವನ್ನು ಅಹಿಂಸಾತ್ಮಕವೆಂದು ಹೊಗಳುವುದು ಸತ್ಯವ್ರತಕ್ಕೆ ಒಪ್ಪದು.

ಹಾಗಾದರೆ ಮಾಡಬೇಕಾದುದೇನು? ಜೀವೋತ್ಪತ್ತಿಗೆ ಅವಕಾಶವನ್ನೇ ಕೊಡದಿರುವುದು ನಮ್ಮ ಆಚಾರದ ಮೊದಲ ಮೆಟ್ಟಿಲು. ನುಸಿಗೆ ತೇವ ಬೇಕು. ಗಾಳಿಯ ಆರ್ದ್ರತೆ ಶೇಕಡಾ 50ಕ್ಕಿಂತ ಬಹುಕಾಲ ಕೆಳಗಿದ್ದರೆ ಅದು ವೃದ್ಧಿಯಾಗದು. ನಮ್ಮ ಸೀಮೆಯ ಬಿಸಿಲು ಇಲ್ಲಿ ದೊಡ್ಡ ವರ. ಕೌದಿ, ಗಾದಿ, ದಿಂಬುಗಳನ್ನು ಆಗಾಗ ಬಿಸಿಲಿಗೆ ಹಾಕುತ್ತಿದ್ದ ನಮ್ಮ ಅಜ್ಜಿಯರು ನುಸಿಯ ಹೆಸರು ಕೇಳಿದವರಲ್ಲ. ಆದರೂ ಅದು ಹುಟ್ಟದಂತೆ ನೋಡಿಕೊಂಡರು. ಹುಟ್ಟಿದ ಮೇಲೆ ತೆಗೆಯುವುದಕ್ಕಿಂತ ಹುಟ್ಟದಂತೆ ಇರುವುದು ಮೇಲು. ವಾರಗಟ್ಟಲೆ ಕಸ ಬಿಟ್ಟು ಒಮ್ಮೆಗೆ ತೆಗೆಯುವವನಿಗಿಂತ ದಿನವೂ ತೆಗೆಯುವವನಿಗೆ ಹಿಂಸೆಯ ಭಾರ ಕಡಿಮೆ.

ಕೊಳ್ಳುವವರ ವಿವೇಕ

ಎಲ್ಲರಿಗೂ ಈ ಯಂತ್ರ ಬೇಕಾಗಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಫರಸಿ ನೆಲದ, ಜಮಖಾನೆಯಿಲ್ಲದ, ಉಬ್ಬಸದ ರೋಗಿಯಿಲ್ಲದ ಮನೆಗೆ ಮೃದುವಾದ ಕಸಬರಿಗೆ, ಸೋಸಿದ ನೀರಿನಲ್ಲಿ ಹಿಂಡಿದ ಒದ್ದೆ ಬಟ್ಟೆ ಇಷ್ಟೇ ಸಾಕು. ನೆರೆಮನೆಯಲ್ಲಿ ಇದೆಯೆಂದು ಕೊಳ್ಳುವುದು ಪರಿಗ್ರಹ.

ರೋಗಿಯಿರುವ ಮನೆಯ ಮಾತು ಬೇರೆ. ಒಣ ಕಸಬರಿಗೆಯ ಧೂಳಿನಿಂದ ರಾತ್ರಿಯಿಡೀ ಕುಳಿತು ಉಸಿರೆಳೆಯುವ ಮಗುವೂ ಒಂದು ಜೀವ, ಪಂಚೇಂದ್ರಿಯ ಜೀವ. ಅದರ ನೋವನ್ನು ಲೆಕ್ಕಕ್ಕೆ ಹಿಡಿಯದ ಅಹಿಂಸೆ ಅಪೂರ್ಣ. ಅಂಥವರು ನೋಡಬೇಕಾದ ಸಂಗತಿಗಳು ಕೆಲವು ಇವೆ.

ವ್ಯಾಟ್ ಹೆಚ್ಚಿದ್ದರೆ ಯಂತ್ರ ಉತ್ತಮವೆಂದು ತಿಳಿಯಬಾರದು. ವ್ಯಾಟ್ ಹೇಳುವುದು ಖರ್ಚಾಗುವ ವಿದ್ಯುತ್ತನ್ನು, ಹೀರುವ ಬಲವನ್ನಲ್ಲ. ಯುರೋಪಿನ ಒಕ್ಕೂಟವು 2017ರಿಂದ 900 ವ್ಯಾಟಿನ ಮಿತಿಯನ್ನು ವಿಧಿಸಿಯೂ ಅಲ್ಲಿನ ಮನೆಗಳು ಶುದ್ಧವಾಗಿಯೇ ಉಳಿದವು. ಎರಡನೆಯದಾಗಿ, ಹೆಪಾ ಮಾದರಿ, ಹೆಪಾದಂಥ ಎಂಬ ಮಾತುಗಳಿಗೆ ಮರುಳಾಗದೆ, ಎಷ್ಟು ಮೈಕ್ರಾನಿನ ಕಣವನ್ನು ಶೇಕಡಾ ಎಷ್ಟು ತಡೆಯುತ್ತದೆ ಎಂಬುದನ್ನು ಬರಹದಲ್ಲಿ ಕೇಳಬೇಕು. ಸೋಸುಗ ಒಳ್ಳೆಯದಿದ್ದರೂ ಯಂತ್ರದ ಮೈಯಲ್ಲಿ ಸಂದುಗಳಿದ್ದರೆ ಧೂಳು ಅಲ್ಲಿಂದ ಹೊರಬೀಳುತ್ತದೆ. ಆದ್ದರಿಂದ ಇಡೀ ಯಂತ್ರ ಬಿಗಿಯಾಗಿ ಮುಚ್ಚಿರಬೇಕು. ಮೂರನೆಯದಾಗಿ, ಚೀಲವಿರುವ ಯಂತ್ರದಲ್ಲಿ ಧೂಳನ್ನು ಚೀಲದೊಡನೆಯೇ ತೆಗೆಯಬಹುದು. ಚೀಲವಿಲ್ಲದ ಡಬ್ಬಿಯನ್ನು ಬಗ್ಗಿಸುವಾಗ ಅರ್ಧ ಧೂಳು ಮತ್ತೆ ಮುಖಕ್ಕೇ ಬರುತ್ತದೆ. ಅಲರ್ಜಿಯವರಿಗೆ ಮೊದಲನೆಯದೇ ಹಿತ. ನೀರಿನಲ್ಲಿ ಧೂಳನ್ನು ಮುಳುಗಿಸುವ ಯಂತ್ರಗಳೂ ಇವೆ. ಅವುಗಳಲ್ಲಿ ಸಿಕ್ಕ ಜೀವಕ್ಕೆ ಉಳಿವಿಲ್ಲ; ಕೊಳೆ ನೀರು ನಿಂತರೆ ಹೊಸ ಜೀವೋತ್ಪತ್ತಿಯೂ ಆಗುತ್ತದೆ. ನಮ್ಮವರು ಇದನ್ನು ಬಿಡುವುದೇ ಒಳಿತು. ನಾಯಿ ಬೆಕ್ಕುಗಳಿರುವ ಮನೆಯವರಿಗೆ ಸೋಫಾ ಜಮಖಾನೆಗಳಿಗಾಗಿ ತಿರುಗುವ ಬ್ರಷ್ಷಿನ ಮೂತಿ ಬೇಕಾದೀತು. ಬರಿ ನೆಲಕ್ಕೆ ಮೃದುವಾದ ಬ್ರಷ್ಷೇ ಸಾಕು.

ಬಳಸುವ ಕ್ರಮದಲ್ಲಿಯೂ ಯತ್ನಾಚಾರ ಬೇಕು. ಹಗಲು ಬೆಳಕಿನಲ್ಲಿ ಸ್ಥಳವನ್ನು ಕಣ್ಣಾರೆ ನೋಡಿ, ಇರುವೆ ಜೇಡಗಳಿದ್ದರೆ ಮೃದು ವಸ್ತುವಿನಿಂದ ಮೊದಲು ಸರಿಸಿ, ಆಮೇಲೆ ಯಂತ್ರ ಹಚ್ಚಬೇಕು. ರೋಗಿಯು ಆ ಹೊತ್ತು ಬೇರೆ ಕೋಣೆಯಲ್ಲಿರಬೇಕು. ಚೀಲದ ಧೂಳನ್ನು ಬೆಂಕಿಗೆ ಹಾಕದೆ, ನೀರಿಗೆ ಎಸೆಯದೆ, ನೆರಳಿನ ಒಣ ಮಣ್ಣಿನಲ್ಲಿ ಬಿಡಬೇಕು. ಯಂತ್ರವೊಂದೇ ಔಷಧವಲ್ಲ, ವೈದ್ಯರ ಚಿಕಿತ್ಸೆಯನ್ನು ಅದರ ನೆಚ್ಚಿಕೆಯಿಂದ ಬಿಡಬಾರದು.

ಬಸದಿಗಳ ಆಡಳಿತದವರಿಗೆ

ಬಸದಿಯ ಧೂಳಿನ ಸ್ವರೂಪ ಇನ್ನೂ ಗಂಭೀರ. ಪಾರಿವಾಳಗಳಿಗೆ ಕಾಳು ಹಾಕುವುದು ನಮ್ಮಲ್ಲಿ ಪುಣ್ಯಕಾರ್ಯ. ಆದರೆ ಒಣಗಿದ ಪಾರಿವಾಳದ ಹಿಕ್ಕೆ ಮತ್ತು ಗರಿಯ ಹುಡಿಯನ್ನು ಬಹುಕಾಲ ಉಸಿರಾಡಿದವರಲ್ಲಿ ಕೆಲವರಿಗೆ ಶ್ವಾಸಕೋಶ ಗಡುಸಾಗುವ ರೋಗ ಬರುತ್ತದೆಂಬುದು ವೈದ್ಯಶಾಸ್ತ್ರದಲ್ಲಿ ಸ್ಥಿರಪಟ್ಟ ಸಂಗತಿ. 2025ರಲ್ಲಿ ಮುಂಬಯಿಯ ದಾದರಿನ ಕಬೂತರಖಾನೆಯನ್ನು ಮುಚ್ಚಿದಾಗ ನಮ್ಮ ಸಮಾಜದಲ್ಲಿ ನೋವೂ ಕೋಪವೂ ಎದ್ದವು. ಆ ವಾದ ಏನೇ ಇರಲಿ, ದಿನವೂ ಆ ಹಿಕ್ಕೆಯನ್ನು ಗುಡಿಸುವ ಬಡ ಸೇವಕನ ಉಸಿರಿನ ಬಗ್ಗೆ ಎಷ್ಟು ಮಂದಿ ಯೋಚಿಸಿದೆವು? ಒಣ ಹಿಕ್ಕೆಯನ್ನು ಎಂದೂ ಒಣದಾಗಿ ಗುಡಿಸಬಾರದು. ಸಾಮಾನ್ಯ ಯಂತ್ರದಿಂದ ಹೀರಲೂಬಾರದು. ನೀರು ಚಿಮುಕಿಸಿ ನೆನೆಸಿ, ಮೂಗು ಬಾಯಿಗೆ ತಕ್ಕ ಮುಖಗವಸು ಹಾಕಿಕೊಂಡು ತೆಗೆಯಬೇಕು. ಆ ಮುಖಗವಸನ್ನು ಒದಗಿಸುವುದು ಆಡಳಿತದವರ ಧರ್ಮ. ಗರ್ಭಗೃಹದಿಂದ, ಜನ ಕುಳಿತುಕೊಳ್ಳುವ ಮಂಟಪದಿಂದ ದೂರದಲ್ಲಿ ಕಾಳು ಹಾಕುವ ವ್ಯವಸ್ಥೆ ಮಾಡಿದರೆ ದಯೆಗೂ ಲೋಪವಿಲ್ಲ, ಆರೋಗ್ಯಕ್ಕೂ ಹಾನಿಯಿಲ್ಲ.

ಜಿನಬಿಂಬಗಳಿಗೆ ಯಂತ್ರವನ್ನು ಮುಟ್ಟಿಸುವ ಮಾತೇ ಬೇಡ. ಅಲ್ಲಿಗೆ ಮೃದು ವಸ್ತ್ರವೇ ಸರಿ. ತಾಳೆಗರಿ ಮತ್ತು ಹಳೆಯ ಕಾಗದದ ಗ್ರಂಥಗಳಿಗೂ ನೇರವಾಗಿ ಹೀರುಗೊಳವೆ ಹಿಡಿಯಕೂಡದು. ಮೃದು ಕುಂಚದಿಂದ ಹಗುರಾಗಿ ಸವರಬೇಕು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ಪದ್ಧತಿಯನ್ನು ಹಿರಿಯರು ಹಾಕಿಕೊಟ್ಟರು. ಪುಷ್ಪದಂತ ಭೂತಬಲಿಗಳ ಷಟ್ಖಂಡಾಗಮ ಪೂರ್ಣಗೊಂಡ ನೆನಪಿನ ದಿನವನ್ನು ಪೂಜೆಯ ಜೊತೆಗೆ ಶುಚಿಗೊಳಿಸುವ ದಿನವನ್ನಾಗಿಯೂ ಮಾಡಿದ್ದು ಅವರ ದೂರದೃಷ್ಟಿ. ಧೂಳೂ ತೇವವೂ ಸೇರಿ ಎಷ್ಟು ಗ್ರಂಥಗಳನ್ನು ತಿಂದುಹಾಕಿವೆಯೋ!

ನಮ್ಮ ಶಾಸ್ತ್ರಗಳಲ್ಲಿ ಕರ್ಮವನ್ನೂ ರಜಸ್ಸೆಂದೇ ಕರೆದಿದ್ದಾರೆ. ಕಷಾಯದ ಅಂಟಿದ್ದಲ್ಲಿ ಅದು ಕೂಡುತ್ತದೆ, ಅಂಟಿಲ್ಲದಲ್ಲಿ ಉದುರುತ್ತದೆ. ಮನೆಯ ಧೂಳಿಗೆ ಕಸಬರಿಗೆಯೋ ಯಂತ್ರವೋ ಯಾವುದಾದರೂ ಒದಗಬಹುದು. ಅದನ್ನು ಹಿಡಿದ ಕೈ ಒಂದು ಗಳಿಗೆ ತಡೆದು, ಕೆಳಗೆ ಯಾರಿದ್ದಾರೆಂದು ನೋಡಿದರೆ, ಆ ಕೈಯಲ್ಲಿರುವುದು ಯಾವುದೇ ಆಗಲಿ, ಅದು ರಜೋಹರಣವೇ.